ಸೊಂಡಿಲಿಗೆ ಕಿತ್ತ ಕರಿಬೇವು

ಬೆಂಗಳೂರಿನ ಮರ್ಫಿ ಟೌನಿನಲ್ಲಿ ಮದುವೆ ಅಡುಗೆ ಎಂದರೆ ಇಂದಿಗೂ ಪೀರಪ್ಪನೇ. ಅವನು 1996ರಲ್ಲಿ ಕಾಲುವೆ ಅಳೆಯುವ ತಂಡಕ್ಕೆ ಅಡುಗೆಯವನಾಗಿ ಥಾರ್ ಮರುಭೂಮಿಗೆ ಹೋದಾಗ, ಡಬ್ಬದಲ್ಲಿ ಒಂದು ಕರಿಬೇವಿನ ಸಸಿಯನ್ನೂ ಒಯ್ದಿದ್ದ. ಶಿಬಿರದ ಉಗ್ರಾಣದ ಗೋಡೆ ಪಕ್ಕ ನೆಟ್ಟ. ಅಕ್ಕಿ ತೊಳೆದ ನೀರನ್ನು ಗಿಡದ ಬುಡಕ್ಕೆ ಹಾಕುವುದು ನಮ್ಮ ಕೇರಿಯ ರೂಢಿ. ಅಲ್ಲೂ ಅದನ್ನೇ ಮಾಡಿದ.

ಬೇಸಿಗೆ ಹೊತ್ತಿಗೆ ಉಗ್ರಾಣದಲ್ಲಿ ಸೊಂಡಿಲಿ ಕಾಣಿಸಿತು. ಉದ್ದ ಮೂತಿ, ಚಿಕ್ ಚಿಕ್ ಸದ್ದು, ಕೆಟ್ಟ ನಾತ. ಹಿಂದೆ ಮರಿಗಳು, ಒಂದರ ಬಾಲದ ಬುಡ ಇನ್ನೊಂದು ಕಚ್ಚಿಕೊಂಡು, ರೈಲಿನ ಹಾಗೆ.

ಉಗ್ರಾಣ ನೋಡಿಕೊಳ್ಳುತ್ತಿದ್ದ ಕೆ.ಆರ್. ಪುರದ ಮುನಿರಾಜಪ್ಪ ಉರಿದುಬಿದ್ದರು. "ಏನೋ ಪೀರಪ್ಪ, ಸಂಸಾರ ಸಮೇತ ಕರ್ಕೊಂಡ್ ಬಂದಿದೀಯಾ? ಸಂತೆ ದಿನ ಪಾಷಾಣ ತರಿಸ್ತೀನಿ."

"ಗಣಪನ ವಾಹನ ಸಾರ್. ಜಿರಳೆ ತಿನ್ಕೊಂಡ್ ಇರ್ತವೆ."

"ಗಣಪ ಬೇರೆ ಗಾಡಿ ನೋಡ್ಕೋತಾನೆ ಬಿಡೋ."

ಯಾವ ಪ್ರಾಣಿ ಎಲ್ಲೆಲ್ಲಿದೆ ಎಂದು ನಕ್ಷೆಯಲ್ಲಿ ಗುರುತಿಸುತ್ತಿದ್ದ ಬಾಣಸವಾಡಿಯ ವಸಂತ್ ಅದೇ ಶಿಬಿರದಲ್ಲಿದ್ದ. ಪೀರಪ್ಪ ಅವನನ್ನು ಕೇಳಿದ: "ಮರಳಿಗೆ ಓಡಿಸಿದ್ರೆ ಬದುಕ್ಕೊಳ್ಳಲ್ವಾ?"

"ಇಲ್ಲಣ್ಣ. ಒಣ ನೆಲಕ್ಕೆ ಒಗ್ಗೋ ಹಳದಿ ಕತ್ತಿನ ಜಾತಿ ಬೇರೆ. ಇದು ಮನೆ ಜಾತಿ, ಮೂಟೆ ಜೊತೆ ಬಂದಿರ್ಬೇಕು. ಈ ಕಡೆ ಬಾವಿ, ಕೊಟ್ಟಿಗೆ, ತಂಪಿದ್ದ ಕಡೆ ಮಾತ್ರ ಸಿಗತ್ತೆ. ಇಲ್ಲಿ ಇದನ್ನ ಉಳಿಸಿರೋದು ನಿಮ್ ಅಕ್ಕಿ ನೀರು."

ಪೀರಪ್ಪ ಗಿಡವನ್ನೇ ನೋಡುತ್ತ ಕೂತ. ಆಮೇಲೆ ಎದ್ದು, ಅದನ್ನು ಕಿತ್ತು ದೂರದ ನೀರಿನ ತೊಟ್ಟಿಯ ಹಿಂದೆ ನೆಟ್ಟ. ಸುತ್ತ ಕಲ್ಲು ಜೋಡಿಸಿ ಗೋಣಿತಾಟು ಹೊದಿಸಿದ. ಅಕ್ಕಿ ನೀರು ಇನ್ನು ಅಲ್ಲಿಗೇ. ಉಗ್ರಾಣದ ಗೋಡೆ ಒಣಗಿತು.

ನಾವೋ, ಹಲಸೂರಿನ ಹಿತ್ತಿಲಿಗೆಲ್ಲ ಸಿಮೆಂಟು ಬಳಿದು, ಒಂದು ಹುಳ ಕಂಡರೆ ಔಷಧಿ ಹೊಡೆಸುವ ಜನ. ತಂಪು ಕಿತ್ತುಕೊಂಡು ಕೊಲ್ಲುವುದಕ್ಕೆ ಶುಚಿ ಎಂದು ಹೆಸರಿಟ್ಟಿದ್ದೇವೆ. ಅವನು ತಂಪನ್ನು ಕಿತ್ತುಕೊಳ್ಳಲಿಲ್ಲ, ಜಾಗ ಬದಲಿಸಿದ. ಅಷ್ಟೇ ವ್ಯತ್ಯಾಸ.

ಸಂತೆ ದಿನ ಬೆಳಿಗ್ಗೆ ತೊಟ್ಟಿಯ ಹಿಂದೆ ಚಿಕ್ ಚಿಕ್ ಕೇಳಿಸಿತು. ಗೋಣಿ ಎತ್ತಿದರೆ ಇಡೀ ರೈಲು ಅಲ್ಲಿತ್ತು. ಅಂದು ಸಂತೆಯಿಂದ ತರಿಸಿ ಉಗ್ರಾಣದಲ್ಲಿಟ್ಟ ಪಾಷಾಣ ಹಾಗೇ ಉಳಿಯಿತು. ವಸಂತ್ ನಕ್ಷೆಯಲ್ಲಿ ಒಂದು ಚುಕ್ಕೆ ಹಾಕಿಕೊಂಡ. ಬಿರುಬಿಸಿಲಲ್ಲಿ ಕಿತ್ತು ನೆಟ್ಟ ಕರಿಬೇವು ಮಾತ್ರ ಬದುಕಲಿಲ್ಲ.

"ಸಾರಲ್ಲಿ ಘಮಾನೇ ಇಲ್ವಲ್ಲೋ," ಎಂದರು ಮುನಿರಾಜಪ್ಪ.

"ಗಣಪನ ಗಾಡಿಗೆ ಪೆಟ್ರೋಲ್ ಹಾಕ್ಬಿಟ್ಟೆ ಸಾರ್," ಎಂದು ಪೀರಪ್ಪ ಇನ್ನೊಂದು ಸೌಟು ಬಡಿಸಿದ.