ದೊಡ್ಡ ಸಾರ್ ಬೆಳೆಸಿದ ನವಣೆ

ಕೂತಲ್ಲಿ ಕೂರದ ಹುಡುಗಿ ಎಂದು ಮನೆಯವರು ಆಕೆಯನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಮದುವೆಯಾಗಿ, ಮಗಳು ಶಾಲೆಗೆ ಹೋಗುವಂತಾದರೂ ಆ ಹೆಸರು ಬಿಡಲಿಲ್ಲ. ಅಂಥವಳಿಗೆ ಸಿಕ್ಕಿದ್ದು ಕಾಯುವುದೇ ಕಸುಬಾದ ಕೆಲಸ. ಧಾನ್ಯ ಸಂಶೋಧನಾ ಕೇಂದ್ರದಲ್ಲಿ ಕಿರುಧಾನ್ಯಗಳ ಅಮೈನೋ ಆಮ್ಲ ಅಳೆಯುವುದು. ಹಿಟ್ಟಿಗೆ ಆಮ್ಲ ಬೆರೆಸಿ, ಗಾಜಿನ ಕೊಳವೆಯೊಳಗೆ ಮುಚ್ಚಿ, ಇಡೀ ದಿನ ಬಿಸಿಯಲ್ಲಿಡಬೇಕು. ಪ್ರೊಟೀನ್ ಒಡೆದು ಚೂರಾಗುವ ತನಕ ಆಕೆ ತೊಳೆದ ಬೀಕರುಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಆ ಸಲ ರಾಗಿ, ಸಜ್ಜೆ, ಸಾಮೆಗಳ ಜೊತೆ ಹೊಸ ನವಣೆ ತಳಿಯೊಂದು ಬಂದಿತ್ತು. ಬೆಳೆಸಿದವರು ಕೇಂದ್ರದ ಹಿರಿಯ ತಳಿ ವಿಜ್ಞಾನಿ, ಎಲ್ಲರ ಬಾಯಲ್ಲಿ ದೊಡ್ಡ ಸಾರ್. ಆಕೆಗೆ ಕೆಲಸ ಕಲಿಸಿದವರೂ ಅವರೇ; ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಅವರ ನವಣೆಯಲ್ಲಿ ಪ್ರೊಟೀನ್ ಉಳಿದೆಲ್ಲಕ್ಕಿಂತ ಹೆಚ್ಚು. ಶಾಲೆಮಕ್ಕಳ ಗಂಜಿಹಿಟ್ಟಿಗೆ ಅದೊಂದೇ ಸಾಕೆಂದು ಮೇಲಿನವರೂ ತಲೆದೂಗಿದ್ದರು.

ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ ತೋರಿಸುವ ಯಂತ್ರದ ಪರದೆಯ ಮೇಲೆ ಗೆರೆ ಏಳತೊಡಗಿತು. ಲ್ಯೂಸಿನ್ ಗೋಪುರದಂತೆ ಎದ್ದಿತು. ಲೈಸಿನ್ ಬರುವ ಜಾಗದಲ್ಲಿ ಮಾತ್ರ ಪುಟ್ಟದೊಂದು ಉಬ್ಬು. ಆಕೆ ಪರದೆಯತ್ತ ಬಗ್ಗಿ ಮತ್ತೆ ನೋಡಿದಳು. ಮಕ್ಕಳ ಮೈ ಬೆಳೆಯಲು ಲೈಸಿನ್ ಬೇಕೇಬೇಕು. ಅದು ಸಾಲದಿದ್ದರೆ ಮಿಕ್ಕ ಪ್ರೊಟೀನ್ ಎಷ್ಟಿದ್ದರೂ ದೇಹಕ್ಕೆ ಪೂರಾ ದಕ್ಕದು. ಪ್ರೊಟೀನಿನಲ್ಲಿ ಹಿಂದೆ ಬಿದ್ದಿದ್ದ ರಾಗಿಯಲ್ಲೇ, ಇದ್ದಷ್ಟು ಪ್ರೊಟೀನಿನೊಳಗೆ, ಲೈಸಿನ್‌ನ ಪಾಲು ದೊಡ್ಡದಿತ್ತು.

ಮನೆಗೆ ಬಂದರೂ ಜೀವ ಒಂದೆಡೆ ನಿಲ್ಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು.

"ಏನಾಯ್ತೇ? ನೆಲ ಸವೆಯೋ ಹಾಗೆ ಓಡಾಡ್ತಿದ್ದೀಯಲ್ಲ," ಎಂದ ಗಂಡ.

"ದೊಡ್ಡ ಸಾರ್‌ಗೆ ಹೆಂಗೆ ಹೇಳ್ಲಿ ಅಂತ."

"ಬಾಯಲ್ಲೇ ಹೇಳು. ಇನ್ನೆಲ್ಲಿಂದ ಹೇಳ್ತೀಯ?"

ಆಕೆಗೆ ನಗು ಬರಲಿಲ್ಲ.

ಮರುದಿನ ಹೇಳಿದಾಗ ದೊಡ್ಡ ಸಾರ್ ಮುಖ ಕೆಂಪಾಯಿತು. "ಎಲ್ಲೋ ಎಡವಟ್ಟಾಗಿದೆ. ಇನ್ನೊಂದ್ಸಲ ಮಾಡು."

"ಮಾಡ್ತೀನಿ ಸಾರ್. ನೀವೂ ಪಕ್ಕದಲ್ಲೇ ಇರಿ."

ಅವರು ಬಂದರು. ಯಂತ್ರದ ಮುಂದೆ ಅವರು ಕಲ್ಲಿನಂತೆ ಕೂತರೆ, ಆಕೆ ಕಿಟಕಿಗೂ ಬಾಗಿಲಿಗೂ ಸುತ್ತುತ್ತಿದ್ದಳು.

"ನೀನು ಓಡಾಡಿದ್ರೆ ಲೈಸಿನ್ ಏರಲ್ಲಮ್ಮ," ಎಂದರು, ಪರದೆಯಿಂದ ಕಣ್ಣು ಕೀಳದೆ.

ಏರಲಿಲ್ಲ. ಅದೇ ಪುಟ್ಟ ಉಬ್ಬು. ದೊಡ್ಡ ಸಾರ್ ಕನ್ನಡಕ ತೆಗೆದು ಒರೆಸಿ, ಎದ್ದು ಹೋದರು.

ಆಮೇಲೆ ಅವರು ಆ ಕಡೆ ತಲೆ ಹಾಕಲಿಲ್ಲ. ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದರೆ ಸಾಕು, ಆಕೆ ಬಾಗಿಲಿಗೆ ಬರುತ್ತಿದ್ದಳು. ತಪ್ಪು ತನ್ನದಲ್ಲವೆಂದು ಗೊತ್ತಿದ್ದರೂ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚುತ್ತಿದ್ದಳು.

ವಾರ ಕಳೆದ ಮೇಲೆ ಅವರೇ ಚೀಲವೊಂದನ್ನು ಹಿಡಿದು ಬಂದರು.

"ಹೆಸರುಕಾಳಿನ ಹಿಟ್ಟು. ಇದ್ರಲ್ಲಿ ಲೈಸಿನ್ ಧಾರಾಳವಾಗಿದೆ. ನವಣೆಗೆ ಬೆರೆಸಿ ಅಳೆದು ನೋಡು."

"ಕೋಪ ಹೋಯ್ತಾ ಸಾರ್?"

"ಅಷ್ಟು ಬೇಗ ಎಲ್ಲಿ ಹೋಗುತ್ತೆ? ನನ್ನ ತಳಿಗೆ ಹೆಸರು ಬರ್ಲಿ ಅಂತ ಕಾದಿದ್ದೆ. ಬಂದಿದ್ದು ಹೆಸರುಕಾಳು!"

ಇಬ್ಬರೂ ನಕ್ಕರು, ದೊಡ್ಡ ಸಾರ್ ನಗು ಬೇಗ ನಿಂತಿತು.

ಬೆರಕೆ ಹಿಟ್ಟಿನಲ್ಲಿ ಲೈಸಿನ್ ಗೆರೆ ತಲೆ ಎತ್ತಿತು. ಶಾಲೆಮಕ್ಕಳ ಗಂಜಿಹಿಟ್ಟಿನ ಪೊಟ್ಟಣ ಹೊರಬಂದದ್ದು ದೊಡ್ಡ ಸಾರ್ ನಿವೃತ್ತರಾದ ಮೇಲೆ. ಅದರ ಮೇಲೆ ಅವರ ತಳಿಯ ಪ್ರಸ್ತಾಪವೇ ಇರಲಿಲ್ಲ. ಆಕೆ ಒಂದನ್ನು ಅವರ ಮನೆಗೆ ಒಯ್ದಳು. ಅವರು ಹಿಟ್ಟನ್ನು ಬೆರಳಲ್ಲಿ ಉಜ್ಜಿ ಕೇಳಿದರು: "ನವಣೆ ಪಾಲು ಎಷ್ಟಮ್ಮ?"

"ಮುಕ್ಕಾಲು ಪಾಲು ನಿಮ್ಮದೇ ಸಾರ್."

"ಸಾಕು ಬಿಡು," ಎಂದರು. ಆ ಮಾತು ಸಮಾಧಾನದ್ದೋ ಬೇಸರದ್ದೋ ಎಂದು ಆಕೆ ದಾರಿಯುದ್ದಕ್ಕೂ ಯೋಚಿಸಿದಳು.