ಗಾಲ್ಯಾಗಿನ ಲಿಂಬಿಹಣ್ಣು

ನಮ್ಮ ಅತ್ತಿಯವ್ರಿಗೆ ಪಂಚಮಿಗೆ ತವರಿಗೆ ಹೋಗಬೇಕಾಗಿತ್ತು. ವಿಷಯ ಇಷ್ಟ. ಇದರಾಗ ಕಲ್ಲು-ಗುಡ್ಡ ಏರೋ ಗಾಡಿ ಎಲ್ಲಿಂದ ಬಂತು ಅಂತ ಯಾರರೆ ಕೇಳಿದ್ರ ನನಗ ಇವತ್ತಿಗೂ ಸಿಟ್ಟು ನೆತ್ತಿಗೇರತೈತಿ. ಆದ್ರೂ ಹೇಳ್ತೀನಿ, ಕೇಳ್ರಿ.

ನಾವಿರೋದು ಹೈದರಾಬಾದಿನ ಮಣಿಕೊಂಡದಾಗ. ಅತ್ತಿ ತವರು ಬೀದರ ದಾಟಿ ಒಂದು ಹಳ್ಳಿ. ಮೊದಲ ಪಂಚಮಿ ಬಂತಂದ್ರ ಅತ್ತಿ ತಮ್ಮ, ಅಂದ್ರ ನಮ್ಮನಿಯವ್ರ ಸೋದರಮಾವ, ಕೈಯಾಗೊಂದು ಚೀಲ ಹಿಡ್ಕೊಂಡು ಕರೆಯಾಕ ಬರ್ತಿದ್ರು. ಚೀಲದಾಗ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ಒಂದು ರಾತ್ರಿ ಇದ್ದು, ಮರುದಿನ ಅಕ್ಕನ್ನ ಕರ್ಕೊಂಡು ಬಸ್ ಹತ್ತೋರು. ಆಮ್ಯಾಲೆ ಈ ಸೋದರಮಾವಾರಿಗೆ ಕಣ್ಣಿನ ಆಪರೇಷನ್ ಆತು, ಅತ್ತಿಗೆ ಮೊಣಕಾಲು ಹಿಡ್ಕೊಂಡ್ವು. ಮಾವಾರು ಬರೋದು ಬಿಟ್ಟು ಫೋನ್ ಮಾಡಾಕ ಹತ್ತಿದ್ರು: "ಅಕ್ಕಾ, ಪಂಚಮಿಗೆ ಬಂದುಬಿಡವಾ." ಅತ್ತಿ ಪ್ರತಿ ಸಲ ಒಂದ ಮಾತು: "ಬಸ್ಸಿನ ಮೆಟ್ಟಿಲು ಏರಾಕ ಆಗಂಗಿಲ್ಲಪಾ." ಹಂಗಂದು ಫೋನಿಟ್ಟು, ಅಡಿಗಿಮನಿಗೆ ಬಂದು, ನಾ ಕಟ್ಟಿದ ಉಂಡಿ ಬಾಯಾಗ ಹಾಕ್ಕೊಂಡು "ಬೆಲ್ಲ ಕಡಿಮಿ ಬಿದ್ದೈತಿ" ಅನ್ನೋರು. ಬೆಲ್ಲ ಸರೀನ ಇರ್ತಿತ್ತು.

ಒಂದ್ಸಲ ಹಿಂಗ ಫೋನಿಟ್ಟ ಮ್ಯಾಲೆ ಅತ್ತಿ ಮುಖ ನೋಡಿ ನಮ್ಮನಿಯವ್ರು ಭೀಷ್ಮನಂಗ ಪಣಾ ತೊಟ್ರು. "ಅವ್ವಾ, ಬರೋ ಪಂಚಮಿಗೆ ನಿನ್ನ ನಮ್ಮ ಗಾಡ್ಯಾಗ ಕೂಡಿಸಿ ತವರ ಬಾಗಿಲಿಗೆ ಇಳಸ್ತೀನಿ." ಇವರು ಪಟಾನ್‌ಚೆರುದಾಗ ಒಂದು ಔಷಧ ಫ್ಯಾಕ್ಟರ್‍ಯಾಗ ಲೆಕ್ಕ ಬರಿಯೋರು. ದಿನಾ ಕಂಪನಿ ಬಸ್ಸಿನಾಗ ಹೋಗಿ ಬರ್ತಾರ. ಮಳಿ ಬಂದ್ರ ಬೂಟು ಕೈಯಾಗ ಹಿಡ್ಕೊಂಡು ಬರೋ ಮನಷ್ಯಾ. ಇಂಥಾವ್ರು ಒಂದು ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ ತಂದ್ರು. ಹಳೇದಾದ್ರೂ ಗಟ್ಟಿ ಇತ್ತು. ಮೊದಲನೇ ದಿನ ಅತ್ತಿ ಬಾಗಲಾ ಹಿಡ್ಕೊಂಡು, "ಶಿವಾ" ಅಂತ ಒಂದ ಸಲಕ್ಕ ಹತ್ತಿ ಕುಂತ್ರು. "ಇದು ಆತು ನೋಡು. ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತಂಗ ಐತಿ" ಅಂದ್ರು. ಅವತ್ತ ಹಂಗ ಹೊಂಟುಬಿಟ್ಟಿದ್ರ ನನ್ನ ಕಥಿ ಇಲ್ಲಿಗೇ ಮುಗೀತಿತ್ತು. ಆದ್ರ ಪಂಚಮಿ ಇನ್ನೂ ಭಾಳ ದೂರ ಇತ್ತಲ್ರೀ.

ಕಂಪನಿ ಬಸ್ಸಿನಾಗ ಯಾವನೋ ಒಬ್ಬ "ಓ, ಹಳೇ ಮಾಡೆಲ್ಲಾ?" ಅಂದನಂತ. ಅಷ್ಟ ಸಾಕಾತು. ಮರುದಿನಾ ಇವರು ಪಟಾನ್‌ಚೆರು ಕಡೆ ಒಂದು ಗ್ಯಾರೇಜಿಗೆ ಹೋಗಿ ಬಂದು, "ಹಳೇ ಗಾಡಿಗೆ ಹೊಸಾ ಮುಖ ಕೂಡಸ್ತಾರಂತ" ಅಂದ್ರು. "ಮುಖ ಬದಲಿ ಮಾಡಾಕ ಅದೇನು ನಾಟಕದ ಪಾತ್ರನ?" ಅಂತ ಕೇಳಿದೆ. ಇವರು ನನ್ನ ಕಡೆ ನೋಡಲಿಲ್ಲ, ಮೊಬೈಲಿನಾಗ ವಿಡಿಯೋ ನೋಡಾಕತ್ತಿದ್ರು. ವಿಡಿಯೋದಾಗ ಒಂದು ಗಾಡಿ ಹೊಳಿ ದಾಟಾಕತ್ತಿತ್ತು.

ಗ್ಯಾರೇಜಿನ ಉಸ್ತಾದನ್ನ ನಾನೂ ನೋಡೀನಿ. ಗಡ್ಡಕ್ಕ ಮೆಹಂದಿ, ಬಾಯಾಗ ಪಾನು. ಏನ್ ಕೇಳಿದ್ರೂ "ಹೋಜಾತಾ ಸಾಬ್, ಟೆನ್ಶನ್ ನಕ್ಕೋ" ಅನ್ನಾವ. ಆಗೂದಿಲ್ಲ ಅನ್ನೋ ಮಾತು ಅವನ ಬಾಯಾಗ ಹುಟ್ಟೇ ಇಲ್ಲ. ಮೊದಲು ಮುಂದಿನ ಮಕಾ ಬಿಚ್ಚಿ ಹೊಸಾ ಮಾಡೆಲ್ಲಿಂದು ಕೂಡಿಸಿದ. ಹೊಸಾ ಮಕಾ ದೊಡ್ಡದಾತು, ಗಾಲಿ ಸಣ್ಣವು ಕಂಡ್ವು. ರಾಡ್ಯಾಗ ಓಡೋ ಟೈರಿನ ದೊಡ್ಡ ಗಾಲಿ ಹಾಕಿದ. ದೊಡ್ಡ ಗಾಲಿ ಮಡ್‌ಗಾರ್ಡಿಗೆ ತಿಕ್ಕಾಕ ಹತ್ತಿದ್ವು. ಅದಕ್ಕ ಸ್ಪ್ರಿಂಗ್ ಬದಲಿಸಿ ಗಾಡೀನ ಎತ್ತರಕ್ಕ ಎತ್ತಿದ. ಎತ್ತಿದ ಮ್ಯಾಲೆ ಮುಂದ ಬರೀ ಬರೀ ಕಾಣಿಸ್ತು, ಒಂದು ಕಬ್ಬಿಣದ ಬಂಪರ್ ಬಂತು. ಬಂಪರಿನಾಗ ಜಾಗಾ ಉಳೀತು, ಹಗ್ಗದ ರಾಟಿ ಕುಂತಿತು. ನಾವು ಅಂಗಿ ಹೊಲಿಸಾಕ ಹೋಗಿ ಅಂಗಿಗೆ ಹೊಂದೋ ಮನಷ್ಯಾನ್ನ ಹುಡುಕಿದಂಗಾತು.

ಇವರು ದಿನಾ ರಾತ್ರಿ ಊಟಕ್ಕ ಕುಂತಾಗ ವರದಿ ಒಪ್ಪಿಸೋರು. "ಅವ್ವಾ, ಇವತ್ತ ಗಾಡಿಗೆ ಕೊಳವಿ ಹಾಕಿದ್ರು. ಕುತಿಗಿತನಾ ನೀರಾಗ ಮುಳುಗಿದ್ರೂ ಗಾಡಿ ಮ್ಯಾಲಿಂದ ಉಸರಾಡತೈತಿ."

ಅತ್ತಿ ರೊಟ್ಟಿ ಮುರಿಯೋದು ನಿಲ್ಲಿಸಿ ಕೇಳಿದ್ರು, "ಗಾಡಿ ಉಸರಾಡತೈತಿ ಖರೆ. ಒಳಗ ಕುಂತಾಕಿ?"

ಇವರು ಹಪ್ಪಳಾ ತಿಂದ್ರು.

"ಮತ್ತ ಆ ಹಗ್ಗದ ರಾಟಿ ಯಾರನ್ನ ಎಳಿಯಾಕ?" ಅಂತ ನಾ ಕೇಳಿದೆ.

"ರಾಡ್ಯಾಗ ಸಿಕ್ಕೊಂಡ್ರ ಒಂದು ಗಿಡಕ್ಕ ಕಟ್ಟಿ ನಮ್ಮನ್ನ ನಾವ ಎಳಕೋಬಹುದು."

ನಮ್ಮ ಮನಿ ಬಾಗಲಿಂದ ಅತ್ತಿ ತವರ ಬಾಗಲತನಾ ಡಾಂಬರ ಐತ್ರೀ. ಒಂದು ಹೊಳಿ ಇಲ್ಲ, ಒಂದು ರಾಡಿ ಇಲ್ಲ. ಜಹೀರಾಬಾದಿನಾಗ ಚಾ ಕುಡಿಯಾಕ ಇಳಿಯೋದ ದೊಡ್ಡ ಸಾಹಸ. ಇದನ್ನ ಹೇಳಿದ್ರ ಇವರು "ನಿನಗ ತಿಳಿಯಂಗಿಲ್ಲ" ಅನ್ನೋರು. ಹೌದವ್ವಾ, ನನಗ ತಿಳಿಯಂಗಿಲ್ಲ.

ಗಾಡಿ ಯಾವಾಗ ಕೊಡ್ತಿ ಅಂದ್ರ ಉಸ್ತಾದ "ಪರ್ಸೋ" ಅನ್ನಾವ. ಪರ್ಸೋ ಅಂದ್ರ ನಾಡದ್ದು. ಹೈದರಾಬಾದಿನಾಗ ಅದಕ್ಕ ಕೊನಿ ಇಲ್ಲ. ಹೋದ ವರ್ಷಾನೂ ಪರ್ಸೋನ, ಬರೋ ವರ್ಷಾನೂ ಪರ್ಸೋನ. ಅತ್ತಿ ಮಾತ್ರ ದಿನಾ ಕ್ಯಾಲೆಂಡರ್ ಮುಂದ ನಿಂತು ಶ್ರಾವಣದ ಹಾಳಿ ಎತ್ತಿ ನೋಡಿ ಬಿಡೋರು. ಟ್ರಂಕಿನಾಗಿಂದ ಇಳಕಲ್ ಸೀರಿ ತಗದು ಬಿಸಲಿಗೆ ಹಾಕಿದ್ರು, ಮಡಚಿ ಇಟ್ರು, ಮತ್ತ ತಗದ್ರು. ಈ ಸಲ ತಪ್ಪಿದ್ರ ಈಕಿ ತವರಿನ ಹೊಸ್ತಲಾ ಮತ್ತ ತುಳಿಯಂಗಿಲ್ಲ ಅಂತ ನನಗ ಗೊತ್ತಿತ್ತು.

ಪಂಚಮಿ ಮುಂದಿಟ್ಕೊಂಡು ಗಾಡಿ ಬಂತು. ಬಂತು ಅಂದ್ರ ಓಣ್ಯಾಗ ಬಂತು, ಅಪಾರ್ಟ್‌ಮೆಂಟಿನ ಒಳಗ ಬರ್ಲಿಲ್ಲ. ಗಾಡಿ ನಿಲ್ಲಸೋ ಸೆಲ್ಲಾರಿನ ತೊಲಿಗೆ ಆ ಉಸರಾಡೋ ಕೊಳವಿ ಬಡೀತಿತ್ತು. ವಾಚ್‌ಮನ್ ಕೆಳಗ ಬಗ್ಗಿ, ಮ್ಯಾಲೆ ನೋಡಿ, "ಸಾರ್, ಲೋಪಲಿಕಿ ರಾದು" ಅಂತ ತೆಲುಗಿನಾಗ ತೀರ್ಪು ಕೊಟ್ಟ, ಒಳಗ ಬರಂಗಿಲ್ಲಂತ. ಕಡೀಕ ಎದುರಿಗಿನ ಹಿಟ್ಟಿನ ಗಿರಣಿ ಮುಂದ ನಿಂತಿತು. ಮರುದಿನದಿಂದ ಹೋಗೋ ಬರೋರು ಅದಕ್ಕ ನಮಸ್ಕಾರ ಮಾಡಾಕ ಹತ್ತಿದ್ರು, ಯಾರೋ ದೊಡ್ಡ ಲೀಡರ್ ಗಾಡಿ ಅಂತ. ಒಬ್ಬ ಮುದುಕ ನಮ್ಮನಿಯವ್ರ ಕೈಯಾಗ ಗಟಾರದ ತಕರಾರಿನ ಅರ್ಜಿ ಕೊಟ್ಟ. ಇವರು ಇಸಕೊಂಡ್ರು! ಇಸಕೊಂಡು "ನೋಡ್ತೀನಿ" ಅಂದ್ರು! ಆ ಗಟಾರ ಇವತ್ತಿಗೂ ಹಂಗ ಐತಿ.

ಹೊರಡೋ ಮುಂಜಾನಿ ಅತ್ತಿ ಇಳಕಲ್ ಸೀರಿ ಉಟ್ಟು, ಕುಂಕುಮ ಹಚ್ಕೊಂಡು, ಗಾಡಿ ಮುಂದ ಬಂದು ನಿಂತು ಕತ್ತೆತ್ತಿ ನೋಡಿದ್ರು. ಅವರ ಎದಿಮಟ್ಟಕ್ಕ ಗಾಡಿ ಒಳಗಿನ ನೆಲಾ ಇತ್ತು.

"ತಮ್ಮಾ," ಅಂದ್ರು ಮಗಗ, "ಬಸ್ಸಿನ ಮೆಟ್ಟಿಲು ಎತ್ತರ ಅಂತ ಅಲ್ಲೇನೋ ನೀ ಗಾಡಿ ತಂದದ್ದು?"

ಇವರಿಗೆ ಆಗ ಹೊಳೀತು ನೋಡ್ರಿ! ಇಷ್ಟು ತಿಂಗಳು ಹೊಳಿ, ಗುಡ್ಡ, ರಾಡಿ ಎಲ್ಲಾ ಹೊಳದಿತ್ತು, ಅವ್ವನ ಮೊಣಕಾಲು ಹೊಳದಿರ್ಲಿಲ್ಲ. ಪ್ಲಾಸ್ಟಿಕ್ ಸ್ಟೂಲ್ ತಂದ್ರು, ಅದರ ಕಾಲು ಬಾಗಿದ್ವು. ನಾ ಹಿಂದಿಂದ ದಬ್ಬಿದೆ, ಇವರು ಮ್ಯಾಲಿಂದ ಜಗ್ಗಿದ್ರು, ಅತ್ತಿ ನಡುವ ಸಿಕ್ಕೊಂಡು "ಬಿಡ್ರೋ, ನಾ ಏನು ಅಂಬಾರಿ ಏರಾಕಿ ಅಂತ ತಿಳದೀರಿ!" ಅಂತ ಚೀರಿದ್ರು. ಕಡೀಕ ಗಿರಣಿಯವನ ಉಪಾಯ. ಗಿರಣಿಗೆ ಒಂದು ಎತ್ತರದ ಕಟ್ಟಿ ಇತ್ತು, ಜ್ವಾಳದ ಚೀಲಾ ಲಾರಿಗೆ ಏರಸಾಕ ಕಟ್ಟಿದ್ದು. ಒಳಗಿನ ಮೆಟ್ಟಿಲಿಂದ ಅತ್ತಿನ್ನ ನಿಧಾನ ಕಟ್ಟಿ ಮ್ಯಾಲೆ ಕರ್ಕೊಂಡು ಬಂದ್ವಿ. ಗಾಡಿ ಕಟ್ಟಿಗೆ ಹಚ್ಚಿದ್ರು. ಅತ್ತಿ ಚೀಲಾ ಹೋದ ದಾರೀಲೇ ಸೀದಾ ಒಳಗ ಹೋಗಿ ಕುಂತ್ರು.

ಇನ್ನ ಲಿಂಬಿಹಣ್ಣು. ದೂರದ ಪ್ರಯಾಣ, ಹೊಸಾ ರೂಪದ ಗಾಡಿ, ಗಾಲಿ ಕೆಳಗ ಲಿಂಬಿಹಣ್ಣು ಇಟ್ಟು ಒಡೀದ ಹೆಂಗ ಹೋಗೋದು? ನಾಲ್ಕೂ ಗಾಲಿಗೆ ಇಟ್ಟೆ, ಊದಿನಕಡ್ಡಿ ಬೆಳಗಿದೆ. ಇವರು ಗಾಡಿ ಬಿಟ್ರು. ಚಪ್ ಅನ್ನೋ ಸಪ್ಪಳ ಬರ್ಲಿಲ್ಲ.

"ಒಡೀತೇನ?" ಅಂತ ಅತ್ತಿ ಕಿಡಕ್ಯಾಗಿಂದ ಕೇಳಿದ್ರು.

ನಾ ಬಗ್ಗಿ ನೋಡಿದೆ. ಆ ರಾಡಿ ಟೈರಿಗೆ ಬಟ್ಟು ತೂರಿಸೋವಷ್ಟು ಆಳದ ಸಂದು ಇರ್ತಾವ. ಮಳಿಗಾಲದ ಸಣ್ಣ ಲಿಂಬಿಹಣ್ಣು ಆ ಸಂದಿನಾಗ ಹೋಗಿ, ಪೆಟ್ಟಿಗ್ಯಾಗ ಇಟ್ಟಂಗ ಕುಂತಿತ್ತು. ಒಂದು ಗೀರೂ ಬಿದ್ದಿರ್ಲಿಲ್ಲ. ನಾಲ್ಕೂ ಕಡೆ ಅದ ಹಣೇಬಾರ.

"ನಿಲ್ಲಸು ಗಾಡಿ," ಅಂದ್ರು ಅತ್ತಿ. "ಲಿಂಬಿಹಣ್ಣು ಒಡಿಯೋತನಾ ಮುಂದ ಹೋಗಂಗಿಲ್ಲ. ಹೊಂಟ ಗಾಡಿ, ಹಿಂದಕ್ಕೂ ತರಂಗಿಲ್ಲ."

ಗಾಡಿ ಕಟ್ಟಿ ಬಿಟ್ಟು ಮುಂದ ಬಂದಾಗಿತ್ತು. ಅಂದ್ರ ಅತ್ತಿ ಇಳಿಯಾಕೂ ಬರಂಗಿಲ್ಲ. ಓಣಿ ನಡುವ ಅಷ್ಟೆತ್ತರದಾಗ ಕುಂತುಬಿಟ್ರು. ನಾನು ಹೊಸಾ ಹಣ್ಣು ತಂದಿಟ್ಟೆ, ಗಾಡಿ ಒಂದೀಟು ಸರೀತು, ಅವೂ ಒಳಗ ಹೋಗಿ ಕುಂತ್ವು. ಇವರು ಉಸ್ತಾದಗ ಫೋನ್ ಹಚ್ಚಿ "ಲಿಂಬಿಹಣ್ಣು ಒಡಿಯವಲ್ದು" ಅಂದ್ರ, ಆತ ಖುಷಿಯಾಗಿ "ಅಸಲೀ ಟೈರ್ ಹೈ ಸಾಬ್!" ಅಂದ. ಮತ್ತ, "ಪರ್ಸೋ ಲಾವ್, ದೇಖ್ತೂಂ" ಅಂದ, ನಾಡದ್ದು ತಂದ್ರ ನೋಡ್ತಾನಂತ. ನಾ ಫೋನ್ ಕಸಗೊಂಡು ಬೈಯೋವಷ್ಟರಾಗ ಕಟ್ ಮಾಡಿದ್ದ.

ಓಣಿಯೆಲ್ಲಾ ಬಂದು ಬುದ್ಧಿ ಹೇಳ್ತು. ತೆಂಗಿನಕಾಯಿ ಇಡ್ರಿ ಅಂದ್ರು. ಗಾಲಿ ಏರಿದ ಕೂಡಲೇ ಕಾಯಿ ಪುಟದು ಗಿರಣಿ ಶಟರಿಗೆ ಢಣ್ ಅಂತ ಬಡೀತು, ಅದೂ ಒಡೀಲಿಲ್ಲ. ವಾಚ್‌ಮನ್ "ಗುಮ್ಮಡಿಕಾಯ ಪೆಟ್ಟಂಡಿ" ಅಂದ. "ಕುಂಬಳಕಾಯಿ ಅಂಗಡಿ ಪೂಜಿಗೆ, ತವರಿಗೆ ಹೋಗಾಕಲ್ಲ" ಅಂದ್ರು ಅತ್ತಿ. ಲಿಂಬಿಹಣ್ಣು ಅರ್ಧ ಹೆಚ್ಚಿ ಇಡೂನು ಅಂದೆ. ಹೆಚ್ಚಿದ್ದು ನಡಿಯಂಗಿಲ್ಲಂತ. ಇವರು ತಾವ ಕಾಲಾಗ ತುಳೀತೀನಿ ಅಂತ ಚಪ್ಪಲಿ ಬಿಟ್ಟು ತಯಾರಾದ್ರು. "ನೀ ತುಳದ್ರ ಗಾಡಿ ದೃಷ್ಟಿ ಹೆಂಗ ಹೋಗತೈತೋ ಹುಚ್ಚಾ?" ಅಂದ್ರು ಅತ್ತಿ. ಎಲ್ಲಾದಕ್ಕೂ ಅತ್ತಿ ಹತ್ರ ಉತ್ತರ ತಯಾರಿತ್ತು. ನನಗ ಅಷ್ಟೊತ್ತಿಗೆ ಸಂಶಯ ಬರಬೇಕಾಗಿತ್ತು, ಬರ್ಲಿಲ್ಲ. ಸಿಟ್ಟಿನಾಗ ಸಂಶಯಕ್ಕ ಜಾಗಾ ಇರಂಗಿಲ್ಲ.

ಆಗ ಮಾವಾರ ಫೋನ್ ಬಂತು. "ಅಕ್ಕಾ, ಎಲ್ಲಿ ಬಂದ್ರಿ?"

"ಗಿರಣಿ ಮುಂದ ಅದೀನಿ."

"ಯಾವ ಊರಿನ ಗಿರಣಿ?"

"ನಮ್ಮ ಮನಿ ಮುಂದಿಂದು. ಲಿಂಬಿಹಣ್ಣು ಒಡಿಯವಲ್ದು. ನಾ ಬರೋದು ಆಗಂಗಿಲ್ಲ ಕಾಣತೈತಿ ತಮ್ಮಾ." ಅಂದ್ರು ಅತ್ತಿ. ಆ ಕಡೆಯಿಂದ ಫೋನ್ ಕಟ್ ಆತು.

ಹೊತ್ತೇರಿತು. ಓಣಿಯವ್ರು ಕಿಡಕ್ಯಾಗಿಂದ ಚಾ ಕೊಟ್ರ ಅತ್ತಿ ಒಂದು ಗುಟುಕು ಕುಡಿದು ವಾಪಸ್ ಕೊಟ್ರು. ನೀರು ಬ್ಯಾಡ ಅಂದ್ರು, ಇಳಿಯಾಕ ಬರಂಗಿಲ್ಲಲ್ಲ. ಗಿರಣಿಗೆ ಬಂದ ಹೆಣ್ಮಕ್ಕಳು ಹಿಟ್ಟು ಬೀಸೋತನಾ ಕೆಳಗ ನಿಂತು ಮೊಣಕಾಲಿಗೆ ಯಾವ ಎಣ್ಣಿ ಹಚ್ಚೋದು ಅಂತ ಕೇಳಿದ್ರು, ಅತ್ತಿ ಮ್ಯಾಲಿಂದ ಔಷಧ ಹೇಳಿದ್ರು. ನಮ್ಮನಿಯವ್ರು ಬಂಪರಿಗೆ ಆನಿಕೊಂಡು ಕುಂತು, ಹಗ್ಗದ ರಾಟಿ ನೋಡ್ಕೋತ, "ನಾ ಅವ್ವನ ಸಲುವಾಗೇ ಮಾಡಿದ್ದೆ" ಅಂದ್ರು. ಅವರ ಕಣ್ಣು ತುಂಬಿದ್ವು. ಬೈಬೇಕು ಅಂತ ಬಾಯಿ ತಗದಾಕಿ, ಅತ್ತಿ ಬಿಟ್ಟ ಚಾ ಅವರ ಕೈಯಾಗ ಕೊಟ್ಟೆ.

ಮಧ್ಯಾಹ್ನದ ಮ್ಯಾಲೆ ಒಂದು ಆಟೋ ಬಂದು ನಿಂತಿತು. ಒಳಗಿಂದ ಒಂದು ಚೀಲ ಇಳೀತು, ಅದರ ಹಿಂದ ದಪ್ಪ ಕನ್ನಡಕದ ಮಾವಾರು ಇಳದ್ರು. ಆ ಕಣ್ಣು ತಗೊಂಡು, ಒಬ್ಬರೇ ಬಸ್ ಹಿಡ್ಕೊಂಡು ಬಂದಿದ್ರು. ಗಾಡೀನ ಗಾಲಿಯಿಂದ ಕೊಳವಿತನಾ ನೋಡಿದ್ರು. ಮ್ಯಾಲೆ ಕಿಡಕ್ಯಾಗ ಅಕ್ಕನ ಮುಖ ಕಾಣಿಸ್ತು. ಚೀಲ ಕೆಳಗಿಟ್ಟು, ಎರಡೂ ಕೈ ಮ್ಯಾಲೆತ್ತಿ ಅಂದ್ರು: "ಅಕ್ಕಾ, ಕರೆಯಾಕ ಬಂದೀನಿ. ನಡಿ, ಹೋಗೂನು."

ಅತ್ತಿ ಸೆರಗಿನಿಂದ ಮಾರಿ ಒರಸ್ಕೊಂಡ್ರು. "ಲೇ ತಮ್ಮಾ," ಅಂತ ಮಗನ್ನ ಕೂಗಿದ್ರು, "ಗಾಡಿ ಹಿಂದಕ್ಕ ತಗೋ. ಕಟ್ಟಿಗೆ ಹಚ್ಚು. ನಿಮ್ಮ ಮಾವ ಹತ್ತಬೇಕು."

"ಅವ್ವಾ, ಹಿಂದಕ್ಕ ತರಬಾರ್ದು ಅಂದಿದ್ದಿಯಲ್ಲಾ? ಮತ್ತ ಲಿಂಬಿಹಣ್ಣು?"

"ಹಾಳಾಗಿ ಹೋಗ್ಲಿ ನಿನ್ನ ಲಿಂಬಿಹಣ್ಣು! ಕರೆಯಾಕ ಬಂದಾನ, ಕಾಣವಲ್ದೇನು?"

ಮಾವಾರೂ ಜ್ವಾಳದ ಚೀಲದ ದಾರೀಲೇ ಹತ್ತಿದ್ರು. ನಾನು ಹಿಂದ ಸಾಮಾನಿನ ನಡುವ ಮುದುಡಿಕೊಂಡು ಕುಂತೆ. ಗಾಡಿ ಪಟಾನ್‌ಚೆರು ದಾಟಿತು, ಸಂಗಾರೆಡ್ಡಿ ದಾಟಿತು. ನುಣ್ಣನ ಹೈವೇ ಮ್ಯಾಲೆ ಆ ಟೈರು ಗೊಂಯ್ ಅಂತ ಊಳಿಡ್ತಿದ್ವು, ಸಂದಿನಾಗ ಲಿಂಬಿಹಣ್ಣು ತಿರಗ್ತಿದ್ವು. ಆ ಸಪ್ಪಳದಾಗ ಮಾವಾರು ಜೋರಾಗಿ ಕೇಳಿದ್ರು, "ಅಲ್ಲವಾ ಅಕ್ಕಾ, ವರ್ಷಾ ಫೋನ್ ಮಾಡಿ ಕರೀತಿದ್ದೆ. ಒಮ್ಮೆಯರೆ ಬರಬಾರದಾಗಿತ್ತ?"

ಅತ್ತಿ ಕಿಡಕಿ ಹೊರಗ ನೋಡ್ಕೋತ ಅಂದ್ರು, "ಫೋನಿನಾಗ ಕರದ್ರ ಫೋನಿನಾಗ ಬರ್ತೀನಿ."

ಮುಂದ ನಮ್ಮನಿಯವ್ರು ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಂಡ್ರು. ಇಷ್ಟು ವರ್ಷ ನಾವು ಬರೀ ಮೊಣಕಾಲು ನೋಡಿದ್ವಿ. ಮಾವಾರು ಚೀಲದ ಬಾಯಿ ಬಿಚ್ಚಿ ಅಕ್ಕನ ಕೈಯಾಗ ಒಂದು ಶೇಂಗಾ ಉಂಡಿ ಇಟ್ರು, ಹಿಂದಕ್ಕ ಕೈ ಚಾಚಿ ನನಗೂ ಒಂದು ಕೊಟ್ರು. ನಾ ಬಾಯಾಗ ಹಾಕ್ಕೊಂಡೆ. ಸುಳ್ಳು ಯಾಕ ಹೇಳ್ಲಿ, ಬೆಲ್ಲ ಕಡಿಮೀನ ಬಿದ್ದಿತ್ತು. ಅತ್ತಿ ಕಣ್ಣೀರು ಒರಸ್ಕೋತ ಅಗದು ಅಗದು ತಿಂದು, "ಬೆಲ್ಲ ಸರಿ ಬಿದ್ದೈತಿ" ಅಂತ ಇನ್ನೊಂದಕ್ಕ ಕೈ ಚಾಚಿದ್ರು.