ಹಸೈನಾರನ ಮೂರನೆಯ ಕಾಗದ

ಬೀಪಾತುಮ್ಮನಿಗೆ ಅವರ ಮಗ ಬೆಂಗಳೂರಿನಿಂದ ಬರೆದ ಕಾಗದವನ್ನು ನಾನು ಸುಳ್ಳಾಗಿ ಓದಿ ಹೇಳಿದೆ. ಮಗನಿಗೆ ಬರೆಯಿರಿ ಎಂದು ಅವರು ಹೇಳಿದ ಉತ್ತರವನ್ನೂ ಸುಳ್ಳಾಗಿಯೇ ಬರೆದೆ. ಕಣ್ಣು ತಪ್ಪಿ ಆದದ್ದಲ್ಲ, ಅಕ್ಷರ ತಿಳಿಯದೆ ಆದದ್ದೂ ಅಲ್ಲ. ನಾನು ಟೀಚರಾಗಿದ್ದೆ. ಗೊತ್ತಿದ್ದೇ ಮಾಡಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ರಾಜ್ಯಗಳು ಹೊಸದಾಗಿ ಹಂಚಿಹೋಗಿ, ಕಾಸರಗೋಡು ಕೇರಳಕ್ಕೆ ಸೇರಿ, ಜಾಲ್ಸೂರು ಇದ್ದಕ್ಕಿದ್ದಂತೆ ಗಡಿಯ ಊರಾಗಿತ್ತು. ನಾನು ಅರಂತೋಡಿನ ಗೌಡರ ಮನೆಯವಳು. ಜಾಲ್ಸೂರಿನ ಪಕ್ಕದ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹಸೈನಾರ್ ನನ್ನ ಐದನೆಯ ತರಗತಿಯಲ್ಲಿ ಕಲಿತವನು. ಅವನ ತಂದೆ ಒಣಮೀನಿನ ವ್ಯಾಪಾರಿ, ಬೇಗ ತೀರಿಹೋದರು. ತಾಯಿ ಬೀಪಾತುಮ್ಮ ಬೀಡಿ ಕಟ್ಟಿ ಮಗನನ್ನು ಸಾಕುತ್ತಿದ್ದರು. ಲೆಕ್ಕದಲ್ಲಿ ಅವನು ಹಿಂದೆ. ಬರವಣಿಗೆ ಮಾತ್ರ ಮುತ್ತಿನ ಹಾಗೆ. ಆದರೆ ಕಾಲಿಗೆ ಚೆಂಡು ಸಿಕ್ಕಿತೆಂದರೆ—ಅದನ್ನು ಹೇಗೆ ಹೇಳಲಿ? ನಾನು ಫುಟ್ಬಾಲ್ ಆಡಿದವಳಲ್ಲ. ಆದರೂ ಕೊಯ್ಲು ಮುಗಿದ ಗದ್ದೆಯ ಬದುವಿನಲ್ಲಿ, ಹುಣಿಯ ಮೇಲೆ, ಕೊಡೆ ಹಿಡಿದು ನಿಂತು ಆಟ ನೋಡುತ್ತಿದ್ದ ಹೆಂಗಸು ಆ ಕಾಲದಲ್ಲಿ ನಾನೊಬ್ಬಳೇ. ಕೂಳೆ ಚುಚ್ಚುವ ಗದ್ದೆಯಲ್ಲಿ, ಬರಿಗಾಲಲ್ಲಿ, ತನಗಿಂತ ಒಂದು ತಲೆ ಎತ್ತರದವರ ನಡುವೆ ಅವನು ನುಗ್ಗುತ್ತಿದ್ದ ರೀತಿ ನೋಡಿದರೆ ನನ್ನ ಎದೆ ಉಬ್ಬುತ್ತಿತ್ತು.

ಊರಿನ ತಂಡಕ್ಕೆ ಕುಶಾಲಪ್ಪ ನಾಯಕ. ದೂರದ ಸಂಬಂಧದಲ್ಲಿ ನನಗೆ ತಮ್ಮ. ಅವನು ಹಸೈನಾರನನ್ನು ಹದಿನಾರು ತುಂಬುವ ಮೊದಲೇ ದೊಡ್ಡವರ ತಂಡಕ್ಕೆ ಸೇರಿಸಿಕೊಂಡ. ಆ ಬೇಸಿಗೆಯಲ್ಲಿ ಪುತ್ತೂರಿನಲ್ಲಿ ಒಂದು ಪಂದ್ಯ. ಎದುರಿನವರೆಲ್ಲ ಬೂಟು ಹಾಕಿದವರು. ನಮ್ಮವರದ್ದು ಬರಿಗಾಲು. ಹಸೈನಾರ್ ಅರ್ಧ ಮೈದಾನದಿಂದ ಚೆಂಡು ತೆಗೆದುಕೊಂಡು ಹೊರಟ. ಒಬ್ಬ, ಇಬ್ಬರು—ಮೂರನೆಯವನ ಎದುರು ಆಡುವುದೇ ಮರೆತುಹೋದವನಂತೆ ಗಕ್ಕನೆ ನಿಂತುಬಿಟ್ಟ. ಆ ಮನುಷ್ಯ ಓಡಿಬಂದ ವೇಗದಲ್ಲೇ ಅವನನ್ನು ದಾಟಿ ಹೋದ. ಆಮೇಲೆ ಎಡಗಾಲಿನಿಂದ ಒಂದು ಹೊಡೆತ. ಗೋಲು ಕಾಯುವವನು ನಿಂತಲ್ಲಿಂದ ಅಲುಗಾಡಲಿಲ್ಲ. ಜನ ಕೂಗುತ್ತಿರುವಾಗ ಹಸೈನಾರ್ ಬದಿಗೆ ಓಡಿ ಬಂದು, ಏನೂ ಆಗದವನ ಹಾಗೆ, "ಟೀಚರ್, ನೀರುಂಟಾ?" ಎಂದು ಕೇಳಿದ.

ಅಂದು ಮೈದಾನದಲ್ಲಿ ಬೆಂಗಳೂರಿನಿಂದ ಬಂದ ಒಬ್ಬರು ಕನ್ನಡಕದವರಿದ್ದರು. ಅಲ್ಲಿಯ ಒಂದು ದೊಡ್ಡ ತಂಡಕ್ಕೆ ಆಟಗಾರರನ್ನು ಹುಡುಕುವವರು. ಪಂದ್ಯ ಮುಗಿದ ಮೇಲೆ ನಮ್ಮ ಬಳಿಗೆ ಬಂದರು. "ಹುಡುಗ ಬಹಳ ಚೆನ್ನಾಗಿದಾನೆ. ಈಗಲೇ ಕಳಿಸಿಕೊಡಿ. ನಾವು ತಿದ್ದಿಕೊಳ್ತೀವಿ."

ಕುಶಾಲಪ್ಪ ನನ್ನನ್ನು ಬದಿಗೆ ಕರೆದ. "ಅಕ್ಕಾ, ಬೇಡ. ಇವನ ಮೂಳೆ ಇನ್ನೂ ಬಲಿಯಲಿಲ್ಲ. ಎರಡು ವರ್ಷ ನಮ್ಮೊಟ್ಟಿಗೇ ಆಡ್ಲಿ. ಆಮೇಲೆ ಹೋದ್ರೆ ಇವನನ್ನು ಹಿಡಿಯುವವರು ಯಾರೂ ಇಲ್ಲ."

ಕುಶಾಲಪ್ಪ ಆಟ ಗೊತ್ತಿದ್ದವನು. ನಾನು ಹುಣಿಯ ಮೇಲೆ ನಿಂತು ನೋಡಿದವಳು. ಆದರೆ ಬೀಪಾತುಮ್ಮ ಕೇಳಿದ್ದು ನನ್ನನ್ನು. "ಮಗ ಸಣ್ಣವ ಟೀಚರ್. ನೀವು ಹೇಳಿದ್ರೆ ಕಳಿಸ್ತೇನೆ." ನಾನು ಕಳಿಸಿ ಎಂದೆ. ಎರಡನೆಯ ಸಲ ಯೋಚಿಸಲೂ ಇಲ್ಲ.

ಮೊದಲ ಕಾಗದ ಸಂತೋಷದ್ದು. ಹಾಸಿಗೆ, ಊಟ, ಹೊಸ ಬೂಟು. ಅದನ್ನು ಅಕ್ಷರ ಬಿಡದೆ ಓದಿ ಹೇಳಿದೆ. ಬೀಪಾತುಮ್ಮ ಮತ್ತೆ ಮತ್ತೆ ಓದಿಸಿದರು. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೂ ಓದಿದೆ. ಎರಡನೆಯದರಲ್ಲಿ ಸ್ವಲ್ಪ ಬೇಸರವಿತ್ತು. ಬೂಟು ಕಚ್ಚುತ್ತದೆ, ಎಲ್ಲರೂ ಇಪ್ಪತ್ತೈದು ದಾಟಿದವರು, ಪಂದ್ಯಕ್ಕೆ ಇಳಿಸುವುದಿಲ್ಲ, ಅಭ್ಯಾಸದಲ್ಲಿ ಮಾತ್ರ ಅವರ ಎದುರು ನಿಲ್ಲಿಸುತ್ತಾರೆ. ಆ ಸಾಲುಗಳನ್ನು ಹಾರಿಸಿ ಓದಿದೆ. ಅಷ್ಟೇ ತಾನೆ—ಹೊಸ ಜಾಗ, ಸರಿಹೋಗುತ್ತದೆ—ಎಂದುಕೊಂಡೆ.

ಮೂರನೆಯ ಕಾಗದ ಬಂದದ್ದು ಶಾಲೆ ಬಿಡುವ ಹೊತ್ತಿಗೆ. ಬೀಪಾತುಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಜಗಲಿಯಲ್ಲಿ ಕುಳಿತರು. ನಾನು ಒಡೆದೆ. ಅದರ ಒಂದೊಂದು ಮಾತೂ ನನಗೆ ಈಗಲೂ ಬಾಯಿಪಾಠ. ಎಡ ಮೊಣಕಾಲು ಊದಿಕೊಂಡು ತಿಂಗಳಾಯಿತು. ಪಟ್ಟಿ ಕಟ್ಟಿ ಓಡಿಸುತ್ತಾರೆ. ಮೆಟ್ಟಿಲು ಹತ್ತಲು ಆಗುವುದಿಲ್ಲ. ನಾನು ಸಣ್ಣವನಾದ್ದರಿಂದ ಮನೆಯವರು ಬರೆದು ಕರೆಸಿಕೊಂಡರೆ ಬಿಡುತ್ತೇವೆ ಅನ್ನುತ್ತಾರೆ. ಉಮ್ಮಾ, ಬಾ ಅಂತ ಒಂದು ಮಾತು ಬರೆಸು. ಕಾಲು ಸರಿಯಾದ ಮೇಲೆ ಬೇಕಾದರೆ ಪುನಃ ಬರುತ್ತೇನೆ. ಕೆಳಗೆ ಬೇರೆಯಾಗಿ ನನಗೆಂದು ಒಂದು ಸಾಲು: ಟೀಚರ್, ಇದನ್ನು ಉಮ್ಮನಿಗೆ ಮೆಲ್ಲ ಓದಿ ಹೇಳಿ, ಹೆದರಿಸಬೇಡಿ.

"ಎಂತ ಬರೆದಿದ್ದಾನೆ ಟೀಚರ್?"

"ಚಳಿ ಉಂಟಂತೆ," ಎಂದೆ. "ದಿನಾ ಮೊಟ್ಟೆ ಕೊಡ್ತಾರಂತೆ. ಚೆನ್ನಾಗಿ ಆಡ್ತಾ ಇದ್ದಾನಂತೆ."

ಅವರು ನನ್ನ ಮುಖವನ್ನೇ ನೋಡಿದರು. ತಾಯಿಗೆ ಏನೋ ತಿಳಿದಿತ್ತೇ? "ಯಾಕೋ ನನ್ನ ಮನಸ್ಸು ಸರಿ ಇಲ್ಲ. ಒಮ್ಮೆ ಬಾ ಅಂತ ಬರೀರಿ ಟೀಚರ್. ನನಗೆ ಅವನನ್ನು ನೋಡ್ಬೇಕು."

ಎಷ್ಟು ಸುಲಭವಿತ್ತು! ಮಗ ಬೇಡಿದ ಮಾತನ್ನೇ ತಾಯಿ ತಾನಾಗಿ ಹೇಳುತ್ತಿದ್ದರು. ನಾನು ಅದನ್ನು ಬರೆದಿದ್ದರೆ ಸಾಕಿತ್ತು. ನಾನು ಬರೆದದ್ದು—"ಈಗ ಬರಬೇಡ. ಅಲ್ಲಿಯೇ ನಿಲ್ಲು. ಅರ್ಧಕ್ಕೆ ಬಿಟ್ಟು ಬಂದರೆ ನಾನು ಊರಿನಲ್ಲಿ ಮುಖ ತೋರಿಸುವುದು ಹೇಗೆ?"

ಬರೆದು ಮುಗಿಸಿದ ಮೇಲೆ ಬೀಪಾತುಮ್ಮ ಶಾಲೆಯ ಶಾಯಿಗೆ ಹೆಬ್ಬೆಟ್ಟು ಅದ್ದಿ ಕೆಳಗೆ ಒತ್ತಿದರು. ತಾನೇ ಹೇಳಿ ಬರೆಸಿದ್ದು ಎಂದು ಮಗನಿಗೆ ಗೊತ್ತಾಗಲಿ ಎಂದು.

ಹಸೈನಾರ್ ಮತ್ತೆ ಕಾಲಿನ ಸುದ್ದಿ ಬರೆಯಲಿಲ್ಲ. ಮರುವರ್ಷ ಒಂದು ಪಂದ್ಯದ ಕೊನೆಯ ಇಪ್ಪತ್ತು ನಿಮಿಷ ಅವನನ್ನು ಮೈದಾನಕ್ಕೆ ಇಳಿಸಿದರಂತೆ. ಅದೇ ಕಾಲಿನಿಂದ ಗೋಲು ಹೊಡೆದನಂತೆ. ಹೊಡೆದು ಬಿದ್ದವನು ಎದ್ದು ನಿಲ್ಲಲಿಲ್ಲ. ಇಬ್ಬರು ಹೊತ್ತುಕೊಂಡು ಹೊರಗೆ ತಂದರು. ಆಸ್ಪತ್ರೆ, ಪಟ್ಟಿ, ಮೂರು ತಿಂಗಳು ಹಾಸಿಗೆ—ಒಂದನ್ನೂ ಅವನು ಊರಿಗೆ ತಿಳಿಸಲಿಲ್ಲ. ಬರಬೇಡ ಎಂದ ತಾಯಿಗೆ ಏನೆಂದು ತಿಳಿಸಿಯಾನು?

ಬರುತ್ತೇನೆ ಎಂದಷ್ಟೇ ಬರೆದು, ಅವನು ಮೈಸೂರಿನ ಮೇಲೆ ಬರುವ ಬಸ್ಸಿನಿಂದ ಜಾಲ್ಸೂರಿನಲ್ಲಿ ಇಳಿದ ದಿನ ಬೀಪಾತುಮ್ಮನ ಜೊತೆ ನಾನೂ ಅಲ್ಲಿದ್ದೆ. ಹದಿನೆಂಟರ ಹುಡುಗ, ಕೈಯಲ್ಲಿ ಊರುಗೋಲು. ಎಡಗಾಲು ಮಡಚುತ್ತಲೇ ಇರಲಿಲ್ಲ. ಬೀಪಾತುಮ್ಮ ಓಡಿ ಹೋಗಿ ಅವನ ಕಾಲನ್ನೇ ತಬ್ಬಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಟೀಚರ್, ಕಾಗದದಲ್ಲಿ ಇದು ಇರ್ಲಿಲ್ಲವಾ?"

"ಇರಲಿಲ್ಲ," ಎಂದೆ.

ಹಸೈನಾರ್ ನನ್ನನ್ನು ನೋಡಿದ. ಆ ಒಂದು ಗಳಿಗೆಯಲ್ಲಿ ಅವನಿಗೆ ಎಲ್ಲವೂ ತಿಳಿಯಿತು—ಹೆಬ್ಬೆಟ್ಟಿನ ಮೇಲಿನ ಮಾತು ಯಾರದೆಂದೂ ತಿಳಿಯಿತು. ನಾನು ನೆಲ ನೋಡಿದೆ. ಅವನು ತಾಯಿಯ ಭುಜದ ಮೇಲೆ ಕೈಯಿಟ್ಟು ಹೇಳಿದ, "ನಾನು ಬರೆಯಲಿಲ್ಲ ಉಮ್ಮಾ. ನೀನು ಹೆದರ್ತೀ ಅಂತ."

ನನ್ನ ಸುಳ್ಳನ್ನು ಅವನು ತನ್ನ ತಲೆಯ ಮೇಲೆ ಹಾಕಿಕೊಂಡ. ನಾನು ಕಲಿಸಿದ ಹುಡುಗ. ನನಗೆ ಆ ಹೊತ್ತಿನಲ್ಲೂ, ಆ ನಾಚಿಕೆಯ ನಡುವೆಯೂ, ಅವನ ಬಗ್ಗೆ ಹೆಮ್ಮೆಯಾಯಿತು ಎಂದರೆ ನೀವು ನಂಬುತ್ತೀರೋ ಇಲ್ಲವೋ. ಪುತ್ತೂರಿನ ಗೋಲಿಗೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಆದರೆ ಊರು ಅವನನ್ನು ಬೇರೆ ರೀತಿಯಲ್ಲಿ ನೋಡಿತು. ಹೆಸರಿನ ಆಸೆಗೆ ಹೆತ್ತ ತಾಯಿಗೇ ಕಾಲಿನ ಸುದ್ದಿ ಮುಚ್ಚಿಟ್ಟವ—ಹಾಗೆ ಮಾತಾಡಿಕೊಂಡರು. ನಾನು ಕೇಳಿಸಿಕೊಂಡೆ. ಸುಮ್ಮನಿದ್ದೆ. ಹಸೈನಾರ್ ಜಾಲ್ಸೂರಿನಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟ. ಸಂಜೆ ಗದ್ದೆಯ ಬದಿಯಲ್ಲಿ ಒಂದು ಕಲ್ಲಿನ ಮೇಲೆ ಕುಳಿತು ಹುಡುಗರಿಗೆ ಆಟ ಹೇಳಿಕೊಟ್ಟ. ತಾನು ಓಡಲಾರದವನು ಬಾಯಿಮಾತಿನಲ್ಲೇ ಓಡಿಸುತ್ತಿದ್ದ. ಅವನ ಹುಡುಗರು ಸುಳ್ಯದಲ್ಲಿ ಗೆದ್ದರು, ಪುತ್ತೂರಿನಲ್ಲಿ ಗೆದ್ದರು. ಕಡಬಕ್ಕೆ ಹೋಗಿ ಅಲ್ಲಿಯೂ ಗೆದ್ದು ಬಂದರು.

ಹೀಗೆ ಏಳೆಂಟು ವರ್ಷ ಕಳೆಯಿತು. ಅವನ ಹುಡುಗರಲ್ಲಿ ಎಲ್ಲರಿಗಿಂತ ಮುಂದಿದ್ದವನು ನಮ್ಮ ಅರಂತೋಡಿನ ಪುರುಷೋತ್ತಮ. ಹದಿನಾರರ ಪ್ರಾಯ. ಅವನನ್ನೂ ಬೆಂಗಳೂರಿನವರು ಕೇಳಿಕೊಂಡು ಬಂದರು. ಹಸೈನಾರ್ ಖಡಾಖಂಡಿತವಾಗಿ ಹೇಳಿದ, "ಎರಡು ವರ್ಷ ಬಿಟ್ಟು ಬನ್ನಿ."

ಹುಡುಗನ ತಂದೆ ಮೋನಪ್ಪ ಸಿಟ್ಟಿನಿಂದ ಅಂಗಡಿಗೆ ಬಂದರು. ಬರುವಾಗ ನನ್ನನ್ನೂ ಕರೆದುಕೊಂಡು ಬಂದರು. ಟೀಚರ್ ಹೇಳಿದರೆ ಹಸೈನಾರ್ ಕೇಳುತ್ತಾನೆಂದು. ಅಂಗಡಿಯ ಜಗಲಿಯಲ್ಲಿ ಬೀಪಾತುಮ್ಮ ಬೀಡಿಯ ಎಲೆ ಕತ್ತರಿಸುತ್ತಿದ್ದರು. ಕುಶಾಲಪ್ಪನೂ ಇದ್ದ.

"ಇವನಿಗೆ ಹೊಟ್ಟೆಕಿಚ್ಚು ಟೀಚರ್," ಎಂದರು ಮೋನಪ್ಪ. "ತನಗಾಗದ್ದು ನನ್ನ ಮಗನಿಗೂ ಆಗಬಾರದು ಅಂತ. ಕಾಲು ಹೋದದ್ದನ್ನು ಹೆತ್ತವಳಿಗೇ ಮುಚ್ಚಿಟ್ಟವನ ಮಾತು ನಾನು ಯಾಕೆ ಕೇಳ್ಬೇಕು? ನೀವೇ ಹೇಳಿ ಮಾರಾಯ್ರೆ."

ಹಸೈನಾರ್ ಚಕ್ರದ ಕಡ್ಡಿ ಬಿಗಿಯುತ್ತಿದ್ದ. ಮುಖ ಮೇಲೆತ್ತಲಿಲ್ಲ. ಈ ಸಲವೂ ನನಗಾಗಿ ಅವನು ಸುಮ್ಮನಿರುತ್ತಾನೆ ಎಂದು ನನಗೆ ಗೊತ್ತಾಯಿತು. ನಾನೂ ಸುಮ್ಮನಿದ್ದರೆ ಇನ್ನೊಬ್ಬ ಹುಡುಗ ಬಸ್ಸು ಹತ್ತುತ್ತಾನೆ.

"ಅವನು ಮುಚ್ಚಿಡಲಿಲ್ಲ ಮೋನಪ್ಪಣ್ಣ," ಎಂದೆ. "ಅವನು ಎಲ್ಲ ಬರೆದಿದ್ದ. ಮುಚ್ಚಿಟ್ಟದ್ದು ನಾನು."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೀಪಾತುಮ್ಮನ ಕೈಯಲ್ಲಿದ್ದ ಕತ್ತರಿ ನಿಂತಿತು.

"ನಾನು ಬಾ ಅಂತ ಹೇಳಿದ್ದೆನಲ್ಲ ಟೀಚರ್?"

"ಹೇಳಿದ್ದಿರಿ."

"ಮತ್ತೆ ನೀವು ಎಂತ ಬರೆದಿರಿ?"

ಆ ಮೂರು ವಾಕ್ಯಗಳನ್ನು ಅವರ ಮುಖ ನೋಡಿಯೇ ಹೇಳಿದೆ. ಅವರು ಮಗನ ಕಡೆ ತಿರುಗಿದರು. "ಮೋನೆ, ಇಷ್ಟು ವರ್ಷ ನನ್ನನ್ನು ಒಂದು ಮಾತು ಕೇಳ್ಲಿಲ್ಲವಲ್ಲ ನೀನು."

"ಕೇಳುದೆಂತ ಉಮ್ಮಾ," ಎಂದ ಹಸೈನಾರ್. "ಬಸ್ಸಿಂದ ಇಳಿದ ದಿನವೇ ನನಗೆ ಗೊತ್ತಾಯ್ತು, ನೀನು ಹಾಗೆ ಹೇಳುವವಳಲ್ಲ ಅಂತ."

ಮೋನಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕೊನೆಗೆ ಬೀಪಾತುಮ್ಮ ನನ್ನನ್ನು ಕೇಳಿದರು, "ಯಾಕೆ ಟೀಚರ್?"

"ನೀವು ಹೆದರಬಾರದು ಅಂತ," ಎಂದೆ.

ಅವರು ತಲೆಯಾಡಿಸಿ, ಎಲೆಯನ್ನು ಕೈಗೆತ್ತಿಕೊಂಡರು. ಅವರು ಬದುಕಿರುವವರೆಗೂ ಹಬ್ಬಕ್ಕೆ ನನ್ನ ಮನೆಗೆ ಅಕ್ಕಿರೊಟ್ಟಿಯ ಪತ್ತಿರ್ ಕಳಿಸುವುದನ್ನು ಬಿಡಲಿಲ್ಲ.

ಪುರುಷೋತ್ತಮ ಹದಿನೆಂಟು ದಾಟಿದ ಮೇಲೆಯೇ ಹೋದ. ಬೆಂಗಳೂರಿಗೆ ಬಿಟ್ಟು ಬರಲು ಹಸೈನಾರನೇ ಜೊತೆಗೆ ಹೋದ. ಕಾಲು ಮಡಚಲಾಗದವನು ಅಷ್ಟು ದೂರ ಬಸ್ಸಿನಲ್ಲಿ ಹೇಗೆ ಕುಳಿತಿದ್ದನೋ. ಹುಡುಗ ವರ್ಷಗಟ್ಟಲೆ ಆಡಿದ. ಎರಡೂ ಕಾಲಿನಲ್ಲಿ ನಡೆದುಕೊಂಡೇ ಊರಿಗೆ ಬಂದ. ಆಮೇಲೆ ಹಸೈನಾರನ ಗದ್ದೆಯಿಂದ ಎಷ್ಟೋ ಹುಡುಗರು ಹೊರಟರು. ಅವನು ಸೈ ಎನ್ನುವವರೆಗೆ ಒಬ್ಬನೂ ಹೊರಡಲಿಲ್ಲ. ಈ ಸೀಮೆಯಲ್ಲಿ ಅವನ ಮಾತಿಗೆ ಅಷ್ಟು ಬೆಲೆ ಬಂತು. ಅದನ್ನು ಬರೆಯುವಾಗ ಈ ವಯಸ್ಸಿನಲ್ಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಆದರೆ ಬೀಪಾತುಮ್ಮನಿಗೆ ಅಂದು ಕೊಟ್ಟ ಉತ್ತರ—ಅದೂ ಸುಳ್ಳು. ಉಮ್ಮನನ್ನು ಹೆದರಿಸಬೇಡಿ ಎಂದು ಹಸೈನಾರ್ ನನಗೆ ಬರೆದ ಸಾಲನ್ನೇ ಕದ್ದು ನನ್ನ ಕಾರಣವೆಂದು ಹೇಳಿದೆ. ನಿಜ ಇದು. ಹಸೈನಾರ್ ಬೆಂಗಳೂರಿಗೆ ಹೋದ ಮೇಲೆ, ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ನನಗೆ ಎದ್ದು ಜಾಗ ಕೊಡುತ್ತಿದ್ದರು. "ಇವರೇ, ಆ ಹುಡುಗನ ಟೀಚರ್" ಎನ್ನುತ್ತಿದ್ದರು. ನನ್ನನ್ನು ಯಾರೂ ಯಾವುದಕ್ಕೂ ಎದ್ದು ನಿಂತು ನೋಡಿರಲಿಲ್ಲ. ಅವನು ಕುಂಟುತ್ತ ವಾಪಸು ಬಂದರೆ ಅದು ಹೋಗುತ್ತದೆ—ಮೂರನೆಯ ಕಾಗದ ಒಡೆದಾಗ ನನಗೆ ಮೊದಲು ಹೊಳೆದದ್ದು ಅದು. ಅವನ ಮೊಣಕಾಲಲ್ಲ.

ಬೀಪಾತುಮ್ಮ ಈಗ ಇಲ್ಲ. ಅವರಿಗೆ ಹೇಳುವ ಕಾಲ ಹೋಯಿತು. ಹಸೈನಾರ್ ಇದ್ದಾನೆ, ಇದನ್ನು ಓದುವ ಮೊದಲಿಗನು ಅವನೇ ಆಗಬೇಕು. ಓದಿ ಅವನು ಸುಮ್ಮನಿದ್ದುಬಿಡುತ್ತಾನೆ ಎಂದು ಬಲ್ಲೆ. ಈ ಸಲ ಅವನು ಸುಮ್ಮನಿರಬಾರದು ಎಂದು ನನ್ನ ಆಸೆ.